ಎರಡು ಹೊಲಗಳ ನಡುವಣ ದಾರಿ

ಅಮೆರಿಕದ ಅಯೋವಾ ರಾಜ್ಯದಲ್ಲಿ, ಅರ್ಬನ್‌ಡೇಲ್ ಎಂಬಲ್ಲಿ, ಗತಕಾಲದ ಬೇಸಾಯವನ್ನು ಮಾಡಿಯೇ ತೋರಿಸುವ 'ಲಿವಿಂಗ್ ಹಿಸ್ಟರಿ ಫಾರ್ಮ್ಸ್' ಇದೆ, ಸ್ಥಾಪನೆ 1970. ಮಗಳ ಸಂಸಾರದೊಡನೆ ಒಂದು ಹಗಲನ್ನು ಅಲ್ಲಿ ಕಳೆದೆವು.

ಮೊದಲು 1700ರ ಅಯೊವೇ ಜನರ ಹೊಲ. ಮುಸುಕಿನ ಜೋಳ, ಹುರುಳಿಕಾಯಿ, ಕುಂಬಳ ಅಲ್ಲಿನ ಬೆಳೆ. ಬೇಸಾಯವೆಲ್ಲ ಹೆಂಗಸರದು, ಬೈಸನ್ ಮೃಗದ ಹೆಗಲೆಲುಬೇ ಅವರ ಗುದ್ದಲಿ. ಮುಂದೆ 1850ರ ವಲಸಿಗರ ಹೊಲ: ಮರದ ದಿಮ್ಮಿಗಳ ಮನೆ, ನೊಗ, ಎತ್ತು. ನೊಗವನ್ನು ಕಂಡ ಮೊಮ್ಮಗಳು "ತಾತ, ಇದು ನಮ್ಮೂರದೇ!" ಎಂದಳು. 1900ರ ಕುದುರೆ ಬೇಸಾಯವನ್ನೂ ನೋಡಿದೆವು. ನನ್ನ ಮನಸ್ಸು ಮಾತ್ರ ಮೊದಲೆರಡರ ನಡುವೆಯೇ ನಿಂತಿತ್ತು.

ಕಲ್ಪವೃಕ್ಷಗಳು ಮರೆಯಾದಾಗ ಆದಿದೇವನು ಅಸಿ, ಮಸಿ, ಕೃಷಿ ಮೊದಲಾದ ಷಟ್ಕರ್ಮಗಳನ್ನು ಕಲಿಸಿದನೆಂದು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಪುರಾಣದ ಆ ನೆಲಕ್ಕೆ ಅದುವರೆಗೆ ಬಿತ್ತುವವರಿರಲಿಲ್ಲ. ಅಯೋವಾ ನೆಲಕ್ಕೆ ಇದ್ದರು. 1836ರ ಒಪ್ಪಂದವು ಅಯೊವೇ ಜನರನ್ನು ಮಿಸೌರಿ ನದಿಯಾಚೆಗೆ ಸಾಗಿಸಿತು. ಆ ಕಾಲವನ್ನು ನಾವು ಕೆಲವೇ ನಿಮಿಷಗಳಲ್ಲಿ ನಡೆದು ದಾಟಿದೆವು. ಎರಡನೆಯ ಹೊಲದ ಹೆಸರು 'ಪಯೊನಿಯರ್ ಫಾರ್ಮ್', ಅಂದರೆ ಮೊದಲಿಗರ ಹೊಲ. ಮೊದಲ ಹೊಲವನ್ನು ನೋಡಿಬಂದವನಿಗೆ ಆ ಪದ ಒಪ್ಪುವುದು ಕಷ್ಟ. ತೆರಳಿದವರ ಹೆಸರಾದರೋ ಇಡೀ ರಾಜ್ಯದ ಮೇಲಿದೆ.