ಡಾಲರ್ ಏರಿತು, ಅವ್ವನ ಟಿಕೆಟ್ ಏನಾಯ್ತು?

ನಮ್ಮ ಮನೆಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಡಾಲರ್ ರೇಟು ಹಾಕುವವರು ಬೆಂಗಳೂರಿನಲ್ಲಿ ಕೂತು ಕೋಡ್ ಬರೆಯುವ ನಾನಲ್ಲ, ನ್ಯೂಜೆರ್ಸಿಯಲ್ಲಿರುವ ಅಕ್ಕನೂ ಅಲ್ಲ. ಹಾನಗಲ್ ತಾಲ್ಲೂಕಿನ ಊರಲ್ಲಿರುವ ಅಪ್ಪ. ಮೊದಲು ಗೋವಿನಜೋಳದ ರೇಟು, ಬ್ಯಾಡಗಿ ಮೆಣಸಿನಕಾಯಿ ರೇಟು ಅಷ್ಟೇ ನೋಡ್ತಿದ್ದರು. ಈಗ ಅದರ ಜೊತೆ ಡಾಲರ್ ಕೂಡ.

ಕಾರಣ ಇಷ್ಟೇ. ಅಕ್ಕ ಮದುವೆಯಾಗಿ ಅಮೆರಿಕಕ್ಕೆ ಹೋಗಿ ಹತ್ತು ವರ್ಷ ಆಯ್ತು. ಅವ್ವ ಇನ್ನೂ ಮಗಳ ಮನೆ ನೋಡಿಲ್ಲ. 2026ರ ಬೇಸಿಗೆಗೆ ಅಪ್ಪ, ಅವ್ವ, ನಾನು ಮೂವರೂ ಹೋಗೋದು ಅಂತ ಮಾತಾಗಿತ್ತು. 2024ರಲ್ಲಿ ದುಡ್ಡು ಕೂಡಿಡಲು ಶುರುಮಾಡಿದಾಗ ಡಾಲರ್ 83ರ ಆಸುಪಾಸಿನಲ್ಲಿತ್ತು. 2025ರ ಸೆಪ್ಟೆಂಬರ್ ಹೊತ್ತಿಗೆ 88 ಆಯ್ತು, ಡಿಸೆಂಬರ್‌ನಲ್ಲಿ 90 ದಾಟಿತು. ಅಪ್ಪ ಗ್ರೂಪಿನಲ್ಲಿ ರೇಟು ಹಾಕಿ ಕೆಳಗೆ ಬರೆದರು: ‘ಈ ವರ್ಷ ಬ್ಯಾಡ ಬಿಡ್ರಿ.’

ಅಕ್ಕ ಡಾಲರಿನಲ್ಲೇ ಸಂಬಳ ತಗೊಳ್ಳುವವಳು. ‘ಎಲ್ಲಾ ಖರ್ಚು ನಾನೇ ಕೊಡ್ತೀನಿ’ ಅಂತ ಎಷ್ಟೋ ಸಲ ಹೇಳಿದ್ದಾಳೆ. ಅಪ್ಪ ಒಪ್ಪೋದಿಲ್ಲ. ‘ಮಗಳ ರೊಕ್ಕದಾಗ ಮಗಳ ಮನಿಗೆ ಹೋದ್ರ ಅದು ಹೋದಂಗ ಅಕ್ಕೈತೇನು?’ ಅನ್ನೋದು ಅವರ ಪ್ರಶ್ನೆ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಲೆಕ್ಕ ರೂಪಾಯಿಯಲ್ಲೇ ಆಗಬೇಕಿತ್ತು.

ಎರಡು ಕಾಲಂ

ಒಂದು ಭಾನುವಾರ ಲ್ಯಾಪ್‌ಟಾಪ್ ತೆಗೆದು ಇಡೀ ಪ್ರವಾಸದ ಖರ್ಚನ್ನು ಎರಡು ಕಾಲಂನಲ್ಲಿ ಬರೆದೆ. ರೂಪಾಯಿಯಲ್ಲಿ ಕೊಡುವುದು ಒಂದರಲ್ಲಿ, ಡಾಲರಿನಲ್ಲಿ ಕೊಡುವುದು ಇನ್ನೊಂದರಲ್ಲಿ. ಇಲ್ಲಿಂದ ಬುಕ್ ಮಾಡುವ ವಿಮಾನ ಟಿಕೆಟ್ ಮತ್ತು ಇಲ್ಲೇ ಮಾಡಿಸುವ ಪ್ರವಾಸ ವಿಮೆ ರೂಪಾಯಿ ಕಾಲಂಗೆ ಹೋದವು. ವೀಸಾ ಅರ್ಜಿ ಶುಲ್ಕ ತಲಾ 185 ಡಾಲರ್, ಮೂವರಿಗೆ 555. ವೀಸಾ ಸಿಗಲಿ ಬಿಡಲಿ, ಅದು ವಾಪಸ್ ಬರೋದಿಲ್ಲ. ಉಳಿದದ್ದು ನಯಾಗರ, ವಾಷಿಂಗ್ಟನ್, ಹೋಟೆಲ್, ಬಾಡಿಗೆ ಕಾರು, ಹೊರಗಿನ ಊಟ. ಎಲ್ಲ ಸೇರಿ ಡಾಲರ್ ಕಾಲಂ ಸುಮಾರು 4,000ಕ್ಕೆ ಬಂದು ನಿಂತಿತು.

ಅಂದರೆ ಡಾಲರ್ ಒಂದು ರೂಪಾಯಿ ಏರಿದರೆ ನಮಗೆ ಬೀಳುವ ಹೊರೆ 4,000 ರೂಪಾಯಿ. 83ರಿಂದ 88ಕ್ಕೆ ಏರಿದ್ದರಿಂದ 20,000. ದೊಡ್ಡ ಮೊತ್ತವೇ. ಆದರೆ ಟಿವಿಯವರು ಕೆಂಪು ಬಾಣ ತೋರಿಸಿ ಕೂಗುವುದನ್ನು ಕೇಳಿ ಅಪ್ಪ ಅಂದುಕೊಂಡಿದ್ದಷ್ಟು ಅಲ್ಲ. ಅವರು ಟಿಕೆಟ್ ಸೇರಿ ಇಡೀ ಖರ್ಚೇ ಡಾಲರ್ ಹಾಗೆ ಏರುತ್ತದೆ ಅಂದುಕೊಂಡಿದ್ದರು. ವಿಮಾನದ ಇಂಧನಕ್ಕೂ ಡಾಲರಿಗೂ ನಂಟು ಇರುವುದು ನಿಜ. ಆದರೆ ಟಿಕೆಟ್ ದರವನ್ನು ಅದಕ್ಕಿಂತ ಹೆಚ್ಚಾಗಿ ಆಡಿಸುವುದು ಸೀಸನ್. ಶಾಲೆ ರಜೆಯ ಮೇ ತಿಂಗಳಿಗೂ ಸೆಪ್ಟೆಂಬರ್ ಕೊನೆಗೂ ನಾನು ನೋಡಿದ ದಿನ ಒಬ್ಬರ ಟಿಕೆಟ್‌ನಲ್ಲೇ 35,000 ವ್ಯತ್ಯಾಸ ಇತ್ತು.

ಇನ್ನೊಂದು ಸಂಗತಿ ಯಾರೂ ಸುದ್ದಿ ಮಾಡೋದಿಲ್ಲ. ವಿದೇಶದಲ್ಲಿ ನಮ್ಮ ಕ್ರೆಡಿಟ್ ಕಾರ್ಡ್ ಉಜ್ಜಿದರೆ ಅನೇಕ ಕಾರ್ಡ್‌ಗಳು ಶೇ 3.5ರಷ್ಟು ಮಾರ್ಕಪ್ ಹಾಕುತ್ತವೆ, ಅದರ ಮೇಲೆ ಶೇ 18 ಜಿಎಸ್‌ಟಿ. ಒಟ್ಟು ಶೇ 4.13. ಡಾಲರ್ 88 ಇದ್ದರೆ ನಾವು ಕೊಡುವುದು 91 ರೂಪಾಯಿ 60 ಪೈಸೆಗೂ ಹೆಚ್ಚು. ರೂಪಾಯಿ ವರ್ಷವಿಡೀ ನಿಧಾನಕ್ಕೆ ಬೀಳುವಷ್ಟನ್ನು ಕಾರ್ಡ್ ಒಂದೇ ಸಲಕ್ಕೆ ಬೀಳಿಸುತ್ತದೆ. ಮಾರ್ಕಪ್ ಇಲ್ಲದ ಕಾರ್ಡ್‌ಗಳೂ ಸಿಗುತ್ತವೆ, ಹುಡುಕಬೇಕು ಅಷ್ಟೇ. ಹಾಗೆಯೇ ಅಲ್ಲಿನ ಅಂಗಡಿಯ ಮಷಿನ್ ‘ರೂಪಾಯಿಯಲ್ಲಿ ಕೊಡ್ತೀರಾ?’ ಎಂದು ಪ್ರೀತಿಯಿಂದ ಕೇಳಿದರೆ ಬೇಡ ಅನ್ನಿ. ಆಗ ಅವರು ಹೇಳಿದ್ದೇ ರೇಟು. ಅಲ್ಲಿನ ಹಣದಲ್ಲೇ ಬಿಲ್ ಆಗಲಿ.

ಡಾಲರ್ ಏರಿದರೆ ಎಲ್ಲಾ ದೇಶವೂ ದುಬಾರಿ ಅನ್ನೋದೂ ಸರಿಯಲ್ಲ. ದುಬೈನ ದಿರ್ಹಮ್ ಡಾಲರಿಗೆ ಕಟ್ಟಿದ ಹಣ, 3.6725 ದಿರ್ಹಮ್‌ಗೆ ಒಂದು ಡಾಲರ್. ಹಾಗಾಗಿ ಅಮೆರಿಕ ದುಬಾರಿಯಾದಷ್ಟೇ ದುಬೈ ಕೂಡ ದುಬಾರಿ. ಆದರೆ ನೇಪಾಳದ ರೂಪಾಯಿ 1993ರಿಂದ ನಮ್ಮ ರೂಪಾಯಿಗೇ ಕಟ್ಟಿಕೊಂಡಿದೆ, ನಮ್ಮ 100ಕ್ಕೆ ಅವರ 160. ಭೂತಾನ್‌ನ ನುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ. ಜಪಾನಿನ ಯೆನ್ ಅಂತೂ ನಮಗಿಂತ ಜೋರಾಗಿ ಬಿದ್ದಿದೆ. 2020ರಲ್ಲಿ 100 ಯೆನ್‌ಗೆ 70 ರೂಪಾಯಿ ಹತ್ತಿರ ಕೊಡಬೇಕಿತ್ತು, 2025ರಲ್ಲಿ 60ರ ಆಸುಪಾಸು. ಬರೀ ಸುತ್ತಾಡುವುದಾದರೆ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದಿತ್ತು. ನಮ್ಮ ಕಷ್ಟ ಅಂದ್ರೆ, ಅಕ್ಕನ ಮನೆ ಕಠ್ಮಂಡುವಿನಲ್ಲಿ ಇಲ್ಲ.

ಅಕ್ಕನೇ ಬಂದಳು

ಲೆಕ್ಕ ನೋಡಿ ಅಕ್ಕ ಹೇಳಿದಳು, ‘ನಿಮಗೆ ಕೆಟ್ಟ ರೇಟು ಅಂದ್ರೆ ನನಗೆ ಒಳ್ಳೆ ರೇಟು. ನಾವೇ ಬರ್ತೀವಿ.’ ಡಿಸೆಂಬರ್ ಕೊನೆಯ ರಜೆಗೆ ಭಾವ, ಒಂಬತ್ತು ವರ್ಷದ ಮಗನ ಜೊತೆ ಬಂದಳು. ಟಿಕೆಟ್‌ಗೆ ರೇಟಿನ ಲಾಭವೇನೂ ಆಗಲಿಲ್ಲ, ಕ್ರಿಸ್‌ಮಸ್ ಸೀಸನ್ ದರವನ್ನು ಡಾಲರಿನಲ್ಲೇ ಕೊಟ್ಟಳು. ಲಾಭ ಇದ್ದದ್ದು ಇಳಿದ ಮೇಲೆ.

ಅತ್ತಿ ಮನೆಯವರೂ ಸೇರಿ ಒಂಬತ್ತು ಜನ. ಟೆಂಪೊ ಟ್ರಾವೆಲರ್ ಮಾಡಿಕೊಂಡು ನಾಲ್ಕು ದಿನ ನಾಲ್ಕು ತಾಲ್ಲೂಕು ಸುತ್ತಿದೆವು. ಮೊದಲ ದಿನ ಹಾನಗಲ್ಲಿನ ತಾರಕೇಶ್ವರ ಗುಡಿ. ಚಾಲುಕ್ಯರ ಕಾಲದ ಆ ಗುಡಿಯ ಮಾಡದಲ್ಲಿ ಕಲ್ಲಿನ ದೊಡ್ಡ ಕಮಲ ಇಳಿಬಿದ್ದಂತಿದೆ. ಅಳಿಯ ನೆಲದ ಮೇಲೆ ಅಂಗಾತ ಮಲಗಿ ನೋಡಿದ, ನೋಡ್ತಾನೇ ಇದ್ದ.

ಮರುದಿನ ಶಿಗ್ಗಾವಿ ಕಡೆ. ಕನಕದಾಸರು ಹುಟ್ಟಿದ ಬಾಡ, ಶರೀಫರ ಶಿಶುನಾಳ, ಆಮೇಲೆ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಆ ತೋಟದಲ್ಲಿ ಹಳ್ಳಿಯ ಬದುಕೇ ಮೂರ್ತಿಗಳಾಗಿ ನಿಂತಿದೆ. ಅಲ್ಲಿ ಅವ್ವನೇ ಗೈಡ್. ಬೀಸುವುದು, ಕುಟ್ಟುವುದು, ಎತ್ತು ಹೂಡುವುದು ಎಲ್ಲವನ್ನೂ ಮೊಮ್ಮಗನಿಗೆ ಮಾಡಿ ತೋರಿಸಿದಳು. ಅವನ ಅರ್ಧ ಕನ್ನಡ, ಅವ್ವನ ಸೊನ್ನೆ ಇಂಗ್ಲಿಷ್, ಆದರೂ ಇಬ್ಬರಿಗೂ ಮಾತು ನಿಲ್ಲಲಿಲ್ಲ.

ಸವಣೂರಿನಲ್ಲಿ ದೊಡ್ಡಹುಣಸೆ ಮರಗಳು. ಹುಣಸೆ ಅಂತ ಹೆಸರಷ್ಟೇ, ಅವು ಆಫ್ರಿಕಾ ಮೂಲದ ಬೇವೊಬಾಬ್. ನಾವೆಲ್ಲ ಕೈ ಹಿಡಿದು ಸುತ್ತ ನಿಂತು ಫೋಟೊ ತೆಗೆಸಿಕೊಂಡೆವು. ಮೂರರಲ್ಲಿ ಒಂದು ಮರ 2023ರ ಮಳೆಗಾಲದಲ್ಲಿ ಉರುಳಿತ್ತು. ಅದನ್ನು ಎತ್ತಿ ಮತ್ತೆ ನಿಲ್ಲಿಸಿದ್ದನ್ನು ಅಪ್ಪ ಎಲ್ಲರಿಗೂ ಹೇಳಿದರು. ಬರುವಾಗ ಸವಣೂರು ಖಾರಾ ಎರಡು ಕಿಲೊ ಕಟ್ಟಿಸಿದೆವು, ಅಕ್ಕನ ಬ್ಯಾಗಿಗೆ ಅಂತ. ಊರು ಮುಟ್ಟುವ ಹೊತ್ತಿಗೆ ಒಂದು ಕಿಲೊ ಇರಲಿಲ್ಲ. ಕೊನೆಯ ದಿನ ಹಿರೇಕೆರೂರು ತಾಲ್ಲೂಕಿನ ಅಬಲೂರು, ಸರ್ವಜ್ಞನ ಊರು ಅಂತ ಹೇಳುವ ಊರು. ಗಾಡಿ ಬಾಡಿಗೆ, ಡೀಸೆಲ್, ಡ್ರೈವರ್ ಭತ್ತೆ, ಒಂಬತ್ತು ಜನರ ಊಟ ತಿಂಡಿ ಎಲ್ಲ ಸೇರಿ 42,000 ರೂಪಾಯಿ. ಭಾವ ಫೋನಿನಲ್ಲಿ ಭಾಗಿಸಿ ನೋಡಿ ನಕ್ಕರು, 470 ಡಾಲರ್ ಕೂಡ ಆಗಿರಲಿಲ್ಲ.

ಇಲ್ಲಿಗೆ ನಿಲ್ಲಿಸಿ ‘ನಮ್ಮೂರೇ ನಮಗೆ ಮೇಲು’ ಅಂತ ಬರೆದುಬಿಡಬಹುದಿತ್ತು. ಅದು ಅರ್ಧ ನಿಜ. ಅಕ್ಕ ಹೊರಡುವ ಹಿಂದಿನ ರಾತ್ರಿ ರೊಟ್ಟಿ ಬಡಿಯುತ್ತಾ ಅವ್ವ ನನಗೆ ಅಂದಳು, ‘ಎಲ್ಲಾ ಭಾಳ ಚಲೋ ಆತು. ಆದ್ರ ಆಕಿ ಎಲ್ಲಿ ನಿಂತು ಅಡಗಿ ಮಾಡ್ತಾಳ, ಕಿಡಕ್ಯಾಗಿಂದ ಏನ್ ಕಾಣತೈತಿ, ಅದು ನನಗ ಗೊತ್ತಾಗಲಿಲ್ಲ ನೋಡು.’

ಎಷ್ಟು ಚೀಲ?

ಅವ್ವನ ಮಾತು ಕೇಳಿದ ಮೇಲೆ ಡಾಲರ್ ಕಾಲಂ ಮತ್ತೆ ತೆಗೆದೆ. ಅವ್ವನಿಗೆ ಬೇಕಾದದ್ದು ಅದರಲ್ಲಿ ಎಲ್ಲೂ ಇರಲಿಲ್ಲ. ನಯಾಗರ ನನ್ನ ಆಸೆ. ವಾಷಿಂಗ್ಟನ್ ಕೂಡ ನನ್ನದೇ. ಮಗಳ ಅಡುಗೆಮನೆಯಲ್ಲಿ ನಿಲ್ಲುವುದಕ್ಕೆ, ಮೊಮ್ಮಗನನ್ನು ಶಾಲೆ ಬಸ್ಸಿಗೆ ಬಿಡುವುದಕ್ಕೆ ಡಾಲರ್ ಬೇಕಿಲ್ಲ.

ಅಪ್ಪನಿಗೂ ಇದನ್ನು ಹೇಳಿದೆ. ಅವರಿಗೆ ನನ್ನ ಎಕ್ಸೆಲ್‌ಗಿಂತ ಬೇಗ ಅರ್ಥವಾಯಿತು. ‘ಎಪಿಎಂಸಿಯಾಗೂ ಹಂಗ. ರೇಟ ನಮ್ಮ ಕೈಯಾಗಿಲ್ಲ. ಎಷ್ಟು ಚೀಲ ಒಯ್ಯಬೇಕು ಅನ್ನೋದು ನಮ್ಮ ಕೈಯಾಗೈತಿ’ ಅಂದರು.

ಹೊಸ ಲೆಕ್ಕದಲ್ಲಿ ಹೋಗುವವರು ಅಪ್ಪ, ಅವ್ವ ಇಬ್ಬರೇ. ಇಬ್ಬರ ವೀಸಾ ಶುಲ್ಕ 370 ಡಾಲರ್, ಕೈಖರ್ಚಿಗೆ 500. ಒಟ್ಟು 870. ಈಗ ಡಾಲರ್ 90ರಿಂದ 95 ಆದರೂ ಹೆಚ್ಚಿಗೆ ಬೀಳುವುದು 4,350 ರೂಪಾಯಿ. ಮೊದಲಿನ ಪ್ಲಾನ್‌ನಲ್ಲಾದರೆ 20,000 ಆಗುತ್ತಿತ್ತು. ಹೊರಡುವುದು ಮೇ ಬದಲು ಸೆಪ್ಟೆಂಬರ್ ಕೊನೆಗೆ. ಗೋವಿನಜೋಳದ ಕಟಾವು ತಾನು ನೋಡಿಕೊಳ್ತೀನಿ ಅಂತ ಕಾಕಾ ಹೇಳಿದ್ದಾರೆ. ಅಪ್ಪನಿಗೆ ಮೊಣಕಾಲು ನೋವು ಇರೋದರಿಂದ ಟಿಕೆಟ್ ಜೊತೆಗೇ ವೀಲ್‌ಚೇರ್ ಸಹಾಯ ಕೇಳಬೇಕು. ವಿಮಾನ ಬದಲಿಸುವ ಕಡೆ ಇಂಗ್ಲಿಷ್ ಬಾರದ ಇಬ್ಬರಿಗೂ ಒಬ್ಬರು ಜೊತೆಗೆ ಸಿಕ್ಕಂತಾಗುತ್ತದೆ. ತಿಂಗಳಿಗೆ ಇಷ್ಟು ಅಂತ ನಾನು ಬೇರೆ ಖಾತೆಗೆ ಹಾಕ್ತಿದ್ದೇನೆ. ಅಪ್ಪ ಈ ಸಲದ ಮೆಣಸಿನಕಾಯಿ ದುಡ್ಡಿನಲ್ಲಿ ಒಂದು ಪಾಲು ಹಾಕಿದ್ದಾರೆ. ಅಕ್ಕನ ಪಾಲು ಮನೆಯಲ್ಲಿ ಹಾಕುವ ಊಟ, ಅದಕ್ಕೆ ಅಪ್ಪನ ತಕರಾರಿಲ್ಲ.

ನೀವೂ ಅಪ್ಪ ಅಮ್ಮನನ್ನು ಕರ್ಕೊಂಡು ಹೋಗೋಕೆ ‘ರೇಟು ಇಳೀಲಿ’ ಅಂತ ಕಾಯ್ತಾ ಇದ್ರೆ ಒಂದು ಮಾತು. ರೇಟು ಇಳಿಯಬಹುದು, ಇಳಿಯದೆಯೂ ಇರಬಹುದು. ಅವರ ಮೊಣಕಾಲು ಕಾಯೋದಿಲ್ಲ. ಕಾಲಂ ಎರಡು ಮಾಡಿ, ಡಾಲರ್ ಕಾಲಂನಲ್ಲಿ ಯಾರ ಆಸೆ ಎಷ್ಟಿದೆ ಅಂತ ಒಂದು ಸಲ ನೋಡಿ.

ಅವ್ವನ ಪಾಸ್‌ಪೋರ್ಟ್ ಹೋದ ವಾರ ಬಂತು. ಫೋಟೊ ಚೆನ್ನಾಗಿ ಬಂದಿಲ್ಲ ಅನ್ನೋದು ಆಕೆಯ ಮೊದಲ ದೂರು. ಖಡಕ್ ರೊಟ್ಟಿ ಎಷ್ಟು ಒಯ್ಯಲಿಕ್ಕೆ ಬಿಡ್ತಾರ ಅನ್ನೋದು ಎರಡನೇ ಪ್ರಶ್ನೆ.