ಮಗು ಮಲಗಿದ ಮೇಲೆ ನುಡಿಸೋ ಆಂಪ್ ಬೇಕಾಗಿದೆ

ಎಲೆಕ್ಟ್ರಿಕ್ ಗಿಟಾರ್ ನುಡಿಸೋ ನಾಲ್ಕು ಜನ ಒಂದು ಟೇಬಲ್ ಸುತ್ತ ಕೂತರೆ, ಮೊದಲ ಕಾಫಿ ಮುಗಿಯೋ ಹೊತ್ತಿಗೆ ಮಾತು ಹಾಡು ಬಿಟ್ಟು ಆಂಪ್ ಕಡೆ ಹೊರಳಿರುತ್ತೆ. ಎರಡನೇ ಕಾಫಿಗೆ "ಅದರಲ್ಲಿ ಇದೊಂದು ಇದ್ದಿದ್ರೆ..." ಶುರು. ಒಬ್ಬನಿಗೆ ಹೆಡ್‌ಫೋನ್ ಹಾಕೋಕೆ ಜಾಗ ಬೇಕು, ಇನ್ನೊಬ್ಬನಿಗೆ ತೂಕ ಅರ್ಧ ಆಗಬೇಕು, ಮತ್ತೊಬ್ಬನಿಗೆ ಇನ್ನೊಂದು ನಾಬ್ ಬೇಕು. ಇಂಥ ಟೇಬಲ್‌ಗಳಲ್ಲಿ ಹತ್ತು ವರ್ಷದಿಂದ ಕೂತಿದ್ದೇನೆ. ಕೇಳೋದು ಇಪ್ಪತ್ತು ಬಗೆ ಇದ್ದರೂ ಹಿಂದಿರೋ ಆಸೆ ಮುಕ್ಕಾಲು ಪಾಲು ಒಂದೇ. ಬೇರೆ ಮನುಷ್ಯರೂ ವಾಸ ಮಾಡೋ ಮನೆಯಲ್ಲಿ ಟ್ಯೂಬ್ ಆಂಪ್ ಇಟ್ಟುಕೊಂಡು ಬಾಳೋಕೆ ಆಗಬೇಕು.

ಟ್ಯೂಬ್ ಅಂದರೆ ಹೊಸದೇನಲ್ಲ, ನಮ್ಮ ಹಳಬರು ವಾಲ್ವ್ ಅಂತಿದ್ದರಲ್ಲ, ಅದೇ. ಗಾಜಿನ ಕೊಳವೆ, ಒಳಗೆ ಕೆಂಡದ ಬಣ್ಣಕ್ಕೆ ಕಾಯೋ ತಂತಿ. ಅಮ್ಮ ಹಾಸನದಿಂದ ಬಂದಿದ್ದಾಗ, ನಾನು ಆಂಪ್ ಆನ್ ಮಾಡಿ ಅರ್ಧ ನಿಮಿಷ ಸುಮ್ಮನೆ ಕೂತಿದ್ದು ನೋಡಿ, "ನಿಮ್ಮ ತಾತನ ರೇಡಿಯೋನೂ ಹಿಂಗೇ ಕಣೋ, ಬಿಸಿ ಆಗೋವರೆಗೂ ಉಸಿರೇ ಬಿಡ್ತಿರಲಿಲ್ಲ" ಅಂದರು. ಅದು ಬರೀ ಹೋಲಿಕೆ ಅಲ್ಲ. ನನ್ನ 15 ವಾಟ್ ಆಂಪ್‌ನಲ್ಲಿ ಕೊನೆಗೆ ಸ್ಪೀಕರನ್ನು ನಡೆಸೋದು ಇಎಲ್84 ಅನ್ನೋ ಎರಡು ವಾಲ್ವ್. ಬೀಟಲ್ಸ್ ಬಳಸಿದ ವಾಕ್ಸ್ ಎಸಿ30ಯಲ್ಲಿ ಅದೇ ವಾಲ್ವ್ ನಾಲ್ಕು. ಆ ಕಾಲದ ಎಷ್ಟೋ ಮನೆ ರೇಡಿಯೋಗಳಲ್ಲೂ ಅದೇ ಇತ್ತು. ನಮ್ಮ ಬೆಂಗಳೂರಿನ ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವ್ ತಯಾರಿಕೆ ಶುರು ಮಾಡಿತು, ಇಎಲ್84 ಕೂಡ ಮಾಡಿತು. ಆಮೇಲೆ ಟ್ರಾನ್ಸಿಸ್ಟರ್ ಬಂದು ವಾಲ್ವ್‌ಗಳನ್ನ ರೇಡಿಯೋದಿಂದ ಓಡಿಸಿತು. ಗಿಟಾರ್‌ನವರು ಮಾತ್ರ ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಅಂದರೆ, ವಾಲ್ವನ್ನು ಅದರ ಮಿತಿ ಮೀರಿ ದುಡಿಸಿದಾಗ ಸ್ವರ ಥಟ್ಟನೆ ಒಡೆಯಲ್ಲ, ಮೆಲ್ಲಗೆ ಒರಟಾಗುತ್ತಾ ಹೋಗುತ್ತೆ. ಮೃದುವಾಗಿ ಮೀಟಿದರೆ ತಿಳಿ, ಬೆರಳು ಒತ್ತಿ ಮೀಟಿದರೆ ಗೊಗ್ಗರು. ಎರಡರ ಮಧ್ಯೆ ಇರೋದೆಲ್ಲ ನಿಮ್ಮ ಕೈಯಲ್ಲೇ. ಆದರೆ ಈ ಗುಣ ಕಾಣಿಸಿಕೊಳ್ಳೋದು ವಾಲ್ಯೂಮ್ ಆರೋ ಏಳೋ ದಾಟಿದ ಮೇಲೆ. ಎರಡರಲ್ಲಿ ಇಟ್ಟರೆ ಚೆನ್ನಾಗಿಯೇ ಇರುತ್ತೆ, ಆದರೆ ಹೊಸ ನೆಂಟರ ಮುಂದೆ ಕೂತ ಹುಡುಗನ ಥರ, ಬರೀ ಮರ್ಯಾದೆ.

ಇಷ್ಟು ಜೋರು ಬೇಕಾಗಿದ್ದಾದರೂ ಯಾರಿಗೆ? ಅರವತ್ತರ ದಶಕದ ಮೊದಲ ಭಾಗದಲ್ಲಿ ಸಭಾಂಗಣದ ಸೌಂಡ್ ಸಿಸ್ಟಮ್ ಇರುತ್ತಿದ್ದದ್ದು ಹಾಡೋರಿಗೆ. ಗಿಟಾರಿನ ಸದ್ದು ಕೊನೇ ಸಾಲಿಗೆ ಮುಟ್ಟಬೇಕಾದರೆ ಆಂಪೇ ಕೂಗಬೇಕಿತ್ತು. ಲಂಡನ್ನಿನಲ್ಲಿ ಜಿಮ್ ಮಾರ್ಷಲ್ 100 ವಾಟಿನ ಆಂಪ್ ಮಾಡಿದ್ದು ದಿ ಹೂ ಬ್ಯಾಂಡ್‌ನವರು ಇನ್ನೂ ಜೋರು ಬೇಕು ಅಂತ ಕೇಳಿದ್ದಕ್ಕೆ. 1965ರಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಬೀಟಲ್ಸ್ ಎದುರು 55 ಸಾವಿರಕ್ಕೂ ಹೆಚ್ಚು ಜನ ಇದ್ದರು. ಇವತ್ತು ಸಣ್ಣ ಪಬ್‌ನಲ್ಲೂ ಆಂಪ್ ಮುಂದೆ ಮೈಕ್ ಇಡ್ತಾರೆ. ಆದರೂ ನಾವು ಆ ಕಾಲದ ನಕ್ಷೆಯ ಪೆಟ್ಟಿಗೆಯನ್ನೇ ತಂದು ಎರಡು ಬೆಡ್‌ರೂಮ್ ಮನೆಯ ಮೂಲೆಯಲ್ಲಿ ಇಟ್ಟುಕೊಂಡಿದ್ದೇವೆ.

"ಹಾಗಾದ್ರೆ ಕಮ್ಮಿ ವಾಟಿಂದು ತಗೋ" ಅಂತಾರೆ ತಿಳಿಯದವರು. ಕಿವಿಯ ಲೆಕ್ಕ ಕರೆಂಟ್ ಬಿಲ್ ಲೆಕ್ಕದ ಹಾಗಲ್ಲ. 100 ವಾಟನ್ನು 50 ಮಾಡಿದರೆ ಇಳಿಯೋದು 3 ಡೆಸಿಬೆಲ್ ಅಷ್ಟೇ. ಸದ್ದು ಅರ್ಧ ಆಯ್ತು ಅಂತ ಕಿವಿಗೆ ಅನ್ನಿಸೋಕೆ ಪವರ್ ಹತ್ತನೇ ಒಂದು ಭಾಗಕ್ಕೆ ಬರಬೇಕು. ಗಿಟಾರ್ ಸ್ಪೀಕರ್‌ಗಳೋ, ಬರೀ 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಸುಮಾರು 97ರಿಂದ 100 ಡೆಸಿಬೆಲ್ ಹೊಡೆಯುತ್ತವೆ. ನಮ್ಮ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್. ಮಧ್ಯೆ ಗೋಡೆ ಇದೆ, ನಿಜ. ನಮ್ಮ ಅಪಾರ್ಟ್‌ಮೆಂಟಿನ ಗೋಡೆಗಳಲ್ಲಿ ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಎಣಿಸಬಹುದು. 100 ವಾಟಿಗೆ ಹೆಸರಾದ ಮಾರ್ಷಲ್ ಕಂಪನಿ 2012ರಲ್ಲಿ ತನ್ನ ಐವತ್ತನೇ ವರ್ಷ ಆಚರಿಸಿದ್ದು 1 ವಾಟಿನ ಪುಟ್ಟ ಟ್ಯೂಬ್ ಆಂಪ್‌ಗಳನ್ನ ಬಿಡುಗಡೆ ಮಾಡಿ. ಕಾಲ ಯಾವ ಕಡೆ ಹೋಗ್ತಿದೆ ಅಂತ ಅವರಿಗೂ ಗೊತ್ತಾಗಿತ್ತು ಅನ್ಸುತ್ತೆ.

ಹಾಗಾಗಿ ಪಟ್ಟಿಯಲ್ಲಿ ನನ್ನ ಮೊದಲನೇ ಬೇಡಿಕೆ ಒಳಗೇ ಕೂರಿಸಿದ ಅಟೆನ್ಯುಯೇಟರ್. ಮಾಸ್ಟರ್ ವಾಲ್ಯೂಮ್ ಇದೆಯಲ್ಲ ಅನ್ನಬಹುದು. ಅದು ಎಪ್ಪತ್ತರ ದಶಕದಲ್ಲಿ ಚೆನ್ನಾಗಿ ಬಳಕೆಗೆ ಬಂತು, ಅದರಿಂದ ಹಾರ್ಡ್ ರಾಕ್‌ನ ಸದ್ದೇ ಬದಲಾಯಿತು. ಆದರೆ ಮಾಸ್ಟರ್ ನಾಬ್ ಮೊದಲ ಹಂತದ ಸಣ್ಣ ವಾಲ್ವ್‌ಗಳನ್ನ ದುಡಿಸಿ, ಕೊನೇ ಹಂತದ ದೊಡ್ಡ ವಾಲ್ವ್‌ಗಳನ್ನ ಮಲಗಿಸಿಬಿಡುತ್ತೆ. ಅಟೆನ್ಯುಯೇಟರ್ ಹಾಗಲ್ಲ. ಆಂಪ್ ಪೂರ್ತಿ ದುಡಿಯಲಿ, ಬಂದ ಪವರಿನಲ್ಲಿ ಮುಕ್ಕಾಲು ಮೂರು ವೀಸ ನಾನು ಶಾಖ ಮಾಡಿ ಬಿಸಾಕ್ತೀನಿ, ಚೂರು ಮಾತ್ರ ಸ್ಪೀಕರಿಗೆ ಕೊಡ್ತೀನಿ ಅನ್ನುತ್ತೆ. ಬಾಸ್ಟನ್ ಬ್ಯಾಂಡಿನ ಟಾಮ್ ಶೋಲ್ಜ್ ಎಂಐಟಿಯಲ್ಲಿ ಓದಿದ ಎಂಜಿನಿಯರ್, ಪೋಲರಾಯ್ಡ್ ಕಂಪನಿಯಲ್ಲಿ ಕೆಲಸದಲ್ಲಿದ್ದವರು. ಆ ಬ್ಯಾಂಡಿನ 1976ರ ಮೊದಲ ಆಲ್ಬಮ್ಮಿನ ಬಹುಪಾಲು ರೆಕಾರ್ಡ್ ಆಗಿದ್ದು ಅವರ ಮನೆಯ ನೆಲಮಾಳಿಗೆಯಲ್ಲಿ. ಮನೆಯಲ್ಲಿ ನುಡಿಸೋನ ಕಷ್ಟ ಗೊತ್ತಿದ್ದ ಆ ಮನುಷ್ಯ ಮುಂದೆ ಪವರ್ ಸೋಕ್ ಅನ್ನೋ ಅಟೆನ್ಯುಯೇಟರ್ ಮಾಡಿ ಮಾರಿದರು. ಅಂದರೆ ಇದು ಗೊತ್ತಿಲ್ಲದ ವಿದ್ಯೆ ಅಲ್ಲ. ಹ್ಯೂಸ್ ಅಂಡ್ ಕೆಟ್ನರ್‌ನ ಟ್ಯೂಬ್‌ಮೈಸ್ಟರ್ 18ರಲ್ಲಿ ಒಂದು ಸ್ವಿಚ್ ತಿರುಗಿಸಿದರೆ 18 ವಾಟ್ 5ಕ್ಕೆ, 1ಕ್ಕೆ, ಕೊನೆಗೆ ಸೊನ್ನೆಗೂ ಇಳಿಯುತ್ತೆ. ಸೊನ್ನೆಯಲ್ಲಿಟ್ಟು ಸದ್ದಿಲ್ಲದೆ ರೆಕಾರ್ಡ್ ಮಾಡಬಹುದು. ಒಬ್ಬರಿಂದ ಆಗಿದ್ದು ಎಲ್ಲರಿಂದಲೂ ಆಗಬೇಕು ಅನ್ನೋದಷ್ಟೇ ನನ್ನ ವಾದ.

ಎಡ್ಡಿ ವ್ಯಾನ್ ಹೇಲನ್ ಬೇರೆ ದಾರಿ ಹಿಡಿದರು. ವೇರಿಯಾಕ್ ಅನ್ನೋ ಪೆಟ್ಟಿಗೆಯಿಂದ ಆಂಪ್‌ಗೆ ಹೋಗೋ ಕರೆಂಟಿನ ವೋಲ್ಟೇಜನ್ನೇ ಇಳಿಸಿ ನುಡಿಸಿದರು. ಇದನ್ನ ಓದಿದಾಗ ನಮ್ಮೂರಿನ ಬೇಸಿಗೆ ಸಂಜೆಗಳು ನೆನಪಾದವು. ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದರೆ ಬಲ್ಬು ಹಳದಿ ತಿರುಗೋದು. ಎಡ್ಡಿಗೆ ದುಡ್ಡು ಕೊಟ್ಟು ಸಿಕ್ಕಿದ್ದು ನಮಗೆ ಬಿಟ್ಟಿ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಎಷ್ಟು ಒಳ್ಳೇ ಅಟೆನ್ಯುಯೇಟರ್ ಹಾಕಿದರೂ ಮೆಲ್ಲಗೆ ಕೇಳಿದಾಗ ಅದೇ ಸುಖ ಇರಲ್ಲ. ಅದು ಆಂಪಿನ ತಪ್ಪಲ್ಲ, ಕಿವಿಯ ಸ್ವಭಾವ. ಸದ್ದು ಕಮ್ಮಿಯಾದಂತೆ ಮಂದ್ರವೂ ತೀರಾ ತಾರವೂ ನಮಗೆ ಮೊದಲು ಮಾಯವಾಗುತ್ತೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನ ಅಳೆದು ತೋರಿಸಿದ್ದಾರೆ. ಜೊತೆಗೆ, ಎದೆಗೆ ಬಡಿಯೋ ಗಾಳಿ ಬೇರೆ. ಅದನ್ನ ಕೊಡೋ ನಾಬ್ ಯಾರೂ ಮಾಡೋಕಾಗಲ್ಲ.

ಇನ್ನು ಹೆಡ್‌ಫೋನ್. ಟ್ಯೂಬ್ ಆಂಪ್‌ನಲ್ಲಿ ಸ್ಪೀಕರ್ ವೈರ್ ಕಿತ್ತು ಸುಮ್ಮನೆ ನುಡಿಸೋ ಹಾಗಿಲ್ಲ. ಹೊರೆ ಇಲ್ಲದೆ ನಡೆದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಸುಟ್ಟು ಹೋಗಬಹುದು. ಅದಕ್ಕೇ ಮೊಬೈಲ್‌ನಲ್ಲಿ ಕಣ್ಣು ಮುಚ್ಚಿ ಮಾಡೋ ಕೆಲಸಕ್ಕೆ ಇಲ್ಲಿ ಲೋಡ್ ಬಾಕ್ಸ್ ಅಂತ ಇನ್ನೊಂದು ಡಬ್ಬಿ ಬೇಕು. ಕೆಲವು ಲೋಡ್ ಬಾಕ್ಸ್‌ಗಳ ಬೆಲೆಗೆ ಒಂದು ಸಣ್ಣ ಆಂಪೇ ಬರುತ್ತೆ. ಸ್ಪೀಕರ್ ಇಲ್ಲ ಅಂತ ಗೊತ್ತಾದ ಕೂಡಲೇ ತನ್ನೊಳಗಿನ ಹೊರೆಗೆ ತಾನೇ ಬದಲಾಯಿಸಿಕೊಳ್ಳೋ ಆಂಪ್ ಇರಬೇಕು, ಎಲ್ಲಾ ಬೆಲೆಯಲ್ಲೂ.

ನಮ್ಮ ದೇಶದ ಗಿಟಾರಿಸ್ಟ್‌ಗೆ ಮಾತ್ರ ಗೊತ್ತಿರೋ ಬೇಡಿಕೆ ಒಂದಿದೆ, ಹಿಂಭಾಗದಲ್ಲಿ ವೋಲ್ಟೇಜ್ ಬದಲಾಯಿಸೋ ಸ್ವಿಚ್. ನನ್ನದನ್ನ ಭಾವ ಅಮೆರಿಕದಿಂದ ವಿಮಾನದಲ್ಲಿ ತಂದರು. ಅಕ್ಕನ ಎರಡು ಸೀರೆ ಸುತ್ತಿ ಪ್ಯಾಕ್ ಮಾಡಿದ್ದ ಪೆಟ್ಟಿಗೆ ಸರಿಯಾಗಿ 23 ಕೆ.ಜಿ. ತೂಗಿತಂತೆ. ಅಲ್ಲಿ 120 ವೋಲ್ಟ್, ಇಲ್ಲಿ 230. ಎಸ್‌.ಪಿ. ರೋಡ್‌ನಲ್ಲಿ ಹೇಳಿ ಸುತ್ತಿಸಿದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಈಗ ಅದರ ಪಕ್ಕದಲ್ಲಿ ನಾದಿನಿ ಥರ ಕೂತಿದೆ, ಎಲ್ಲಿ ಹೋದರೂ ಜೊತೆಗೇ ಹೋಗಬೇಕು. ಅದು ವೋಲ್ಟ್ ಇಳಿಸುತ್ತೆಯೇ ಹೊರತು ಅಲ್ಲಿನ 60 ಹರ್ಟ್ಜ್ ತಂದುಕೊಡಲ್ಲ. 60ಕ್ಕೆ ಅಂತಲೇ ಮಾಡಿದ ಟ್ರಾನ್ಸ್‌ಫಾರ್ಮರ್ ನಮ್ಮ 50ರಲ್ಲಿ ಸ್ವಲ್ಪ ಜಾಸ್ತಿ ಬಿಸಿಯಾಗುತ್ತೆ. ಹಳೇ ಮಾರ್ಷಲ್‌ಗಳ ಹಿಂದೆ ವೋಲ್ಟೇಜ್ ಆರಿಸಿಕೊಳ್ಳೋ ಏರ್ಪಾಡು ಇರುತ್ತಿತ್ತು. ಬ್ಲೂಟೂತ್ ಹಾಕೋ ಮೊದಲು ಅದನ್ನ ವಾಪಸ್ ತನ್ನಿ ಮಹಾರಾಯರೇ.

ಎಫೆಕ್ಟ್ಸ್ ಲೂಪ್ ಬೇಕು ಅನ್ನೋರ ಜಗಳಕ್ಕೆ ನಾನು ಹೋಗಲ್ಲ. ಇದ್ದರೆ ಒಳ್ಳೇದು, ಇಲ್ಲದಿದ್ದರೂ ಬದುಕಬಹುದು.

ಬಯಾಸ್ ವಿಷಯಕ್ಕೆ ಮಾತ್ರ ಹೋಗ್ತೀನಿ, ಯಾಕಂದರೆ ಅದು ಜೀವದ ಪ್ರಶ್ನೆ. ಕೊನೇ ಹಂತದ ವಾಲ್ವ್‌ಗಳು ಸವೆಯುತ್ತವೆ, ಬದಲಾಯಿಸಬೇಕು. ಇವತ್ತು ಅವು ಬರೋದು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾದಿಂದ. 2022ರಲ್ಲಿ ಯುದ್ಧ ಶುರುವಾದಾಗ ರಷ್ಯಾದ ವಾಲ್ವ್ ಕೆಲಕಾಲ ನಿಂತು, ಇಲ್ಲಿ ಮನೆಯಲ್ಲಿ ಕೂತು ನುಡಿಸೋರೂ ಪರದಾಡಿದರು. ಇಷ್ಟು ಕಷ್ಟಪಟ್ಟು ತಂದ ಜೋಡಿ ಹಾಕಿದ ಮೇಲೆ, ಎಷ್ಟೋ ಆಂಪ್‌ಗಳಲ್ಲಿ ಅವುಗಳಿಗೆ ಎಷ್ಟು ಕರೆಂಟ್ ಹರಿಯಬೇಕು ಅಂತ ಅಳೆದು ಹೊಂದಿಸಬೇಕು. ಅದೇ ಬಯಾಸ್. ಅಳೆಯೋ ಜಾಗ ಇರೋದು ಡಬ್ಬಿಯ ಒಳಗೆ. ಒಳಗಿನ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಯೂಟ್ಯೂಬ್ ನೋಡಿ ಸ್ಕ್ರೂಡ್ರೈವರ್ ಹಿಡಿಯೋ ನಮ್ಮಂಥವರ ಕೈಗೆ ಇದನ್ನ ಕೊಡೋದಾ? ಅಳೆಯೋ ಎರಡು ತೂತು, ತಿರುಗಿಸೋ ಒಂದು ಸ್ಕ್ರೂ ಹೊರಗಿಟ್ಟರೆ ಮುಗಿಯಿತು. ಕೆಲವರು ಇಟ್ಟಿದ್ದಾರೆ. ಇನ್ನು ಕೆಲವು ಆಂಪ್‌ಗಳು ತಾವೇ ಹೊಂದಿಸಿಕೊಳ್ಳುತ್ತವೆ.

ಇಷ್ಟೆಲ್ಲ ರಗಳೆ ಯಾಕೆ, ಡಿಜಿಟಲ್ ತಗೋ ಅಂತ ನೀವು ಆಗಲೇ ಅಂದುಕೊಂಡಿರಬೇಕು. ನ್ಯಾಯವೇ. ಫೆಂಡರ್‌ನವರು ತಮ್ಮದೇ 22 ವಾಟಿನ ಡಿಲಕ್ಸ್ ರಿವರ್ಬ್ ಆಂಪಿಗೆ 2019ರಲ್ಲಿ ಟೋನ್ ಮಾಸ್ಟರ್ ಅಂತ ಡಿಜಿಟಲ್ ತಮ್ಮನನ್ನ ತಂದರು. ಟ್ಯೂಬಿಂದು ಸುಮಾರು 19 ಕೆ.ಜಿ., ಇದು ಹತ್ತೂವರೆ. ಹಿಂದೆ ಒಂದು ಸ್ವಿಚ್ ತಿರುಗಿಸಿದರೆ 0.2 ವಾಟಿನವರೆಗೂ ಇಳಿಯುತ್ತೆ. ರೆಕಾರ್ಡಿಂಗ್‌ಗೆ ನೇರ ಔಟ್‌ಪುಟ್ ಇದೆ. ಗಿಟಾರಿಸ್ಟ್‌ಗಳು ಅಷ್ಟು ವರ್ಷ ಬೇಡಿದ್ದೆಲ್ಲ ಬಂತು, ಟ್ಯೂಬ್ ಒಂದು ಬಿಟ್ಟು! ಗೆಳೆಯನ ಮನೆಯಲ್ಲಿ ಅರ್ಧ ದಿನ ನುಡಿಸಿದೆ. ಕಣ್ಣು ಕಟ್ಟಿದರೆ ವ್ಯತ್ಯಾಸ ಹೇಳ್ತೀನಿ ಅಂತ ಪಣ ಕಟ್ಟೋ ಧೈರ್ಯ ನನಗಿಲ್ಲ. ಆದರೂ ನನ್ನದನ್ನ ಮಾರೋಕೆ ಮನಸ್ಸು ಬರ್ತಿಲ್ಲ. ಟ್ಯೂಬ್ ಆಂಪ್ ಕೆಟ್ಟರೆ ಐವತ್ತು ವರ್ಷದ ಮೇಲೂ ಬಿಡಿಬಿಡಿಯಾಗಿ ರಿಪೇರಿ ಮಾಡಬಹುದು. ಆ್ಯಪ್ ಇಲ್ಲದೆ ನಡೆಯದ ಪೆಟ್ಟಿಗೆಯ ಆಯಸ್ಸು ನಮ್ಮ ಫೋನಿನ ಎರಡು ಅಪ್‌ಡೇಟ್. "ಅದಕ್ಕೆ ಜೀವ ಇದೆ" ಅಂತ ನಾನು ವಾದ ಮಾಡಿದರೆ ನನ್ನ ಹೆಂಡತಿ, "ನಿದ್ದೆ ಕೆಡಿಸೋಕೆ ಮನೇಲಿ ಒಂದು ಜೀವ ಸಾಲ್ದಾ ನಿನಗೆ?" ಅಂತಾಳೆ.

ಆ ಜೀವಕ್ಕೆ ಈಗ ಹತ್ತು ತಿಂಗಳು. ಮಲಗೋದು ರಾತ್ರಿ ಒಂಬತ್ತಕ್ಕೆ, ನಾನು ಲಾಗೌಟ್ ಆಗೋದೂ ಒಂಬತ್ತಕ್ಕೆ. ನನಗೂ ಹೆಂಡತಿಗೂ ಆಗಿರೋ ಒಪ್ಪಂದದಂತೆ ಶನಿವಾರ ಬೆಳಗ್ಗೆ ಹನ್ನೊಂದರಿಂದ ಒಂದು ಗಂಟೆ ಕಾಲ ಅವರಿಬ್ಬರೂ ಪಾರ್ಕಿಗೆ, ನಾನು ವಾಲ್ಯೂಮ್ ಆರಕ್ಕೆ. ಕೆಳಗಿನ ಮನೆಯವರಿಗೂ ಹೇಳಿದ್ದೇನೆ. ಅವರು ಆ ಹೊತ್ತಿಗೇ ಮಾರ್ಕೆಟ್ಟಿಗೆ ಹೋಗ್ತಾರೆ, ಪುಣ್ಯಾತ್ಮರು.

ಅವಳು ಅಂಬೆಗಾಲಿಡೋಕೆ ಶುರು ಮಾಡಿದ ಮೇಲೆ ನನ್ನ ಪಟ್ಟಿಗೆ ಕೊನೇ ಬೇಡಿಕೆಯೊಂದು ಸೇರಿ, ಸೀದಾ ಮೊದಲನೇ ಸ್ಥಾನಕ್ಕೆ ಹಾರಿತು. ನನ್ನ ಆಂಪಿನ ಬೆನ್ನು ತೆರೆದಿದೆ, ವಾಲ್ವ್‌ಗಳು ತಲೆಕೆಳಗಾಗಿ ನೇತಾಡ್ತವೆ. ನುಡಿಸುವಾಗ ಆ ಗಾಜು ಮುಟ್ಟಿದರೆ ಚರ್ಮ ಹೋಗುತ್ತೆ, ಆಫ್ ಮಾಡಿ ಎಷ್ಟೋ ಹೊತ್ತಿನವರೆಗೂ ಬಿಸಿ ಇರುತ್ತೆ. ಅವಳಿಗೋ, ಕತ್ತಲಲ್ಲಿ ಕೆಂಪಗೆ ಹೊಳೆಯೋದು ಕಂಡರೆ ಸಾಕು. ಗಾಳಿ ಆಡಬೇಕು, ಪುಟ್ಟ ಬೆರಳು ತೂರಬಾರದು. ಅಂಥ ಜಾಲರಿ ಪ್ರತಿ ತೆರೆದ ಬೆನ್ನಿನ ಆಂಪ್ ಜೊತೆಗೂ ಬರಬೇಕು. ಕಂಪನಿಗೆ ಕಾಯದೆ ಅಳತೆ ಹಿಡಿದು ನಮ್ಮ ರಸ್ತೆಯ ವೆಲ್ಡಿಂಗ್ ಅಂಗಡಿಗೆ ಹೋದೆ. ಚೀಟಿ ನೋಡಿ ಅವನು ಕೇಳಿದ, "ಸಾರ್, ಫ್ಲಾಟಲ್ಲಿ ಕೋಳಿ ಸಾಕೋಕೆ ಬಿಡ್ತಾರಾ?"