ಹಳೆಯ ಕಾರಿನ ರಾಕರ್ ಶಾಫ್ಟು

ಶ್ಲೋಕಗಳ ಪದಚ್ಛೇದವನ್ನು ಹುಡುಗರಿಗೆ ಕಲಿಸುವುದು ಮೂವತ್ತು ವರ್ಷಗಳಿಗೂ ಮೀರಿ ನಮ್ಮ ವೃತ್ತಿಯಾಗಿದ್ದಿತು. ಸಂಧಿಯಾದ ಎಡೆಯಲ್ಲಿಯೇ ಬಿಡಿಸಬೇಕು. ಬೇರೆಡೆ ಕೈಯಿಕ್ಕಿದರೆ ಅರ್ಥವೇ ಕೆಡುವುದು. ಎಂಜಿನ್ನಿಗೂ ಇದೇ ನಿಯಮವೆಂಬುದನ್ನು, ನಿವೃತ್ತರಾದ ಬಳಿಕ, ತೀರ್ಥರೂಪರು ಬಿಟ್ಟುಹೋದ 1964ರ ಅಂಬಾಸಡರ್ ಕಾರಿನಿಂದ ತಿಳಿದೆವು.

ಅದರದು ಬ್ರಿಟನ್ನಿನ ಬಿ.ಎಂ.ಸಿ. ಕಂಪನಿಯ ಬಿ-ಸೀರೀಸ್ ವಂಶಕ್ಕೆ ಸೇರಿದ, 1489 ಸಿ.ಸಿ.ಯ ಎಂಜಿನ್. ನೆತ್ತಿಯ ಮುಚ್ಚಳವನ್ನು ತೆಗೆದರೆ ಟೊಳ್ಳಾದ ಉಕ್ಕಿನ ದಂಡವೊಂದು, ಅಂದರೆ ಶಾಫ್ಟು, ಕಾಣುವುದು. ಅದಕ್ಕೆ ಎಂಟು ರಾಕರುಗಳು ಪೋಣಿಸಿರುವುವು. ರಾಕರೆಂದರೆ ಚಿಕ್ಕದೊಂದು ಏತವೇ ಸರಿ: ಒಂದು ತುದಿಯನ್ನು ಪುಶ್‌ರಾಡು ಮೇಲಕ್ಕೆತ್ತಿದರೆ ಇನ್ನೊಂದು ತುದಿ ವಾಲ್ವನ್ನು ಕೆಳಕ್ಕೊತ್ತುವುದು.

ವಾಲ್ವುಗಳ ಸಂದನ್ನು ಎಷ್ಟು ಸರಿಪಡಿಸಿದರೂ ಟಕಟಕ ಶಬ್ದವು ನಿಲ್ಲಲಿಲ್ಲ. “ಗುಜರಿಗೆ ಹಾಕೋಣ ಅಪ್ಪಾ” ಎಂದನು ಮಗ. ಆ ಮಾತು ಕಿವಿಗೆ ಬಿದ್ದೊಡನೆ ನಮ್ಮ ವೃದ್ಧ ಮಾತೃಶ್ರೀಯವರು ಊಟವನ್ನು ಅರ್ಧಕ್ಕೆ ಬಿಟ್ಟೆದ್ದರು. ಮರುದಿನವೇ ಹಳಬರಾದ ಮೇಸ್ತ್ರಿಯೊಬ್ಬರನ್ನು ಕರೆತಂದೆವು.

ಅವರ ಶಿಷ್ಯನು ಬಂದವನೇ ಶಾಫ್ಟಿನ ನಟ್ಟಿಗೆ ಸ್ಪಾನರಿಟ್ಟನು. “ತಡಿಯೋ! ಮೊದಲು ರೇಡಿಯೇಟರ್ ನೀರು ಇಳಿಸು” ಎಂದು ಮೇಸ್ತ್ರಿಗಳು ಗದರಿದರು. ನೀರಿಗೂ ಶಾಫ್ಟಿಗೂ ಏನು ಸಂಬಂಧವೆಂದು ನಾವೂ ಬೆರಗಾದೆವು. ಶಾಫ್ಟನ್ನು ಹೊತ್ತ ನಾಲ್ಕು ಪೀಠಗಳಿಗೆ ಎಂಟು ನಟ್ಟುಗಳುಂಟಷ್ಟೆ. ಅವುಗಳಲ್ಲಿ ನಾಲ್ಕು, ಕೆಳಗಿನ ಸಿಲಿಂಡರ್ ಹೆಡ್ಡನ್ನೂ ಹಿಡಿದಿರುವುವು. ಅವನ್ನಷ್ಟೇ ಸಡಿಲಿಸಿದರೆ ಹೆಡ್ಡು ಡೊಂಕಾಗಿ ನೀರು ಸಿಲಿಂಡರಿಗೂ ಆಯಿಲಿಗೂ ಇಳಿದೀತು. ಆದುದರಿಂದ ನೀರಿಳಿಸಿ, ಹೆಡ್ಡಿನ ಸಮಸ್ತ ನಟ್ಟುಗಳನ್ನೂ ಕ್ರಮವರಿತು ತುಸುತುಸುವಾಗಿ ಸಡಿಲಿಸತಕ್ಕದ್ದು. ಹಳೆಯ ಕಾರುಳ್ಳ ವಾಚಕರು ಮಿಕ್ಕುದನ್ನು ಮರೆತರೂ ಇದನ್ನು ಮರೆಯಬಾರದು.

ಬಳಿಕ ಶಾಫ್ಟು ಪೀಠಸಮೇತ ಮೇಲೆದ್ದಿತು. ಎಂಟು ಪುಶ್‌ರಾಡುಗಳನ್ನೂ ರಟ್ಟಿನ ತೂತುಗಳಲ್ಲಿ ಸಿಕ್ಕಿಸಿ ಅಂಕೆ ಬರೆಯುವ ಕೆಲಸ ನಮ್ಮ ಪಾಲಿಗೆ ಬಂದಿತು, ಉಪಾಧ್ಯಾಯನಿಗೆ ತಕ್ಕುದೇ. ತುದಿಯ ಪಿನ್ನನ್ನೂ ಪೀಠವೊಂದರ ಪಕ್ಕದಲ್ಲಿ ಅಡಗಿದ್ದ ಸ್ಕ್ರೂವನ್ನೂ ಬಿಚ್ಚಲು, ರಾಕರು, ಸ್ಪ್ರಿಂಗು, ಪೀಠ ಎಲ್ಲವೂ ಜಪಮಣಿಗಳಂತೆ ಒಂದೊಂದಾಗಿ ಜಾರಿಬಂದು, ಬಂದ ಸಾಲಿನಲ್ಲಿಯೇ ಕಾಗದದ ಮೇಲೆ ಕುಳಿತುವು.

ಶಾಫ್ಟು ಮೇಲೆ ಕನ್ನಡಿಯಂತಿದ್ದಿತು. ಮೇಸ್ತ್ರಿಗಳು ಅದನ್ನು ಮಗುಚಿ, ನಮ್ಮ ಉಗುರನ್ನು ಅಡಿಭಾಗದಲ್ಲಿ ಎಳೆಸಿದರು. ರಾಕರು ಕುಳಿತ ಎಡೆಗಳಲ್ಲೆಲ್ಲ ಹಳ್ಳ! ಪುಶ್‌ರಾಡೂ ವಾಲ್ವಿನ ಸ್ಪ್ರಿಂಗೂ ಎರಡೂ ತುದಿಗಳಿಂದ ರಾಕರನ್ನು ಮೇಲಕ್ಕೊತ್ತುವುದರಿಂದ ಸವೆತವೆಲ್ಲ ಶಾಫ್ಟಿನ ಕೆಳಮೈಗೇ. ರಾಕರುಗಳು ನೆಟ್ಟಗಿದ್ದುವು. ಮಗನೇ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಹೊಸ ಶಾಫ್ಟನ್ನು ತಂದನು.

ಶುಕ್ರವಾರ ಮಾತೃಶ್ರೀಯವರು ಹಿಂದಿನ ಆಸನದಲ್ಲಿ ಕುಳಿತು ದೇವಸ್ಥಾನಕ್ಕೆ ಹೋಗಿಬಂದರು. ಶಬ್ದದ ವಿಚಾರವಾಗಿ ಅವರು ಏನೂ ಹೇಳಲಿಲ್ಲ. ಮಗನು ಗಾಡಿಯನ್ನು ಬಹಳ ಮೆಲ್ಲಗೆ ಓಡಿಸುವನೆಂದು ಮಾತ್ರ ಆಕ್ಷೇಪಿಸಿದರು.